ಮೋಟಾರ್ ಸೈಕಲ್ಲಿನ ದೀಪ: ತಂತಿ, ಫ್ಯೂಜು ಮತ್ತು ಹೆಚ್ಚಿನ ಬೆಳಕು



ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಭಾಗದ ಹಳ್ಳಿಗಳಲ್ಲಿ ಮೋಟಾರ್ ಸೈಕಲ್ಲು ಈಗ ಶೋಕಿಯ ವಸ್ತುವಾಗಿ ಉಳಿದಿಲ್ಲ. ಕುಂಟೆ, ಕೂರಿಗೆಗಳ ಹಾಗೆ ಅದೂ ಒಕ್ಕಲುತನದ ಸಾಮಾನುಗಳಲ್ಲಿ ಒಂದಾಗಿದೆ. ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ ಎಲ್ಲವೂ ಅದರ ಮೇಲೆಯೇ. ಆದರೆ ಅದರ ದುಡಿಮೆಯ ದೊಡ್ಡ ಪಾಲು ಕತ್ತಲೆಯಲ್ಲಿ ನಡೆಯುತ್ತದೆಂಬುದನ್ನು ನಾವು ಅಷ್ಟಾಗಿ ಲಕ್ಷಿಸುವುದಿಲ್ಲ. ಪಂಪಿನ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರಾತ್ರಿಯೇ ಹೊಲಕ್ಕೆ ಹೋಗಬೇಕು. ಲಿಂಬೆಯ ಚೀಲವನ್ನು ಪೇಟೆಗೆ ಮುಟ್ಟಿಸಬೇಕಾದರೆ ನಸುಕಿನಲ್ಲೇ ಹೊರಡಬೇಕು. ಕಬ್ಬು ಅರೆಯುವ ಹಂಗಾಮು ಸುರುವಾಯಿತೆಂದರೆ ಮರಗೂರ, ಆಲಮೇಲ ಕಡೆಯ ಕಾರ್ಖಾನೆಗಳಿಗೆ ಹೋಗುವ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು ಇಡೀ ರಾತ್ರಿ ರಸ್ತೆಯ ಮೇಲಿರುತ್ತವೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ತಾಸಿಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಸಾಗುತ್ತದೆ. ಎದುರಿಗೆ ಏನೋ ಇದೆ ಎಂದು ಕಣ್ಣು ಕಂಡು, ಕೈಕಾಲು ಬ್ರೇಕನ್ನು ಒತ್ತುವ ಹೊತ್ತಿಗೆ ಒಂದೂವರೆ ಸೆಕೆಂಡು ಕಳೆಯುತ್ತದೆ. ಅನಂತರ ಬ್ರೇಕು ಹಿಡಿದು ನಿಲ್ಲಬೇಕು. ಎಲ್ಲ ಕೂಡಿ ಒಣ ಡಾಂಬರಿನ ಮೇಲೆ ಸುಮಾರು 50 ಮೀಟರ್ ಬೇಕಾಗುತ್ತದೆ. 40 ಕಿಲೋಮೀಟರ್ ವೇಗದಲ್ಲಿದ್ದರೆ 30 ಮೀಟರ್ ಸಾಕು. ಮಂದವಾದ ಕೆಳದೀಪದಲ್ಲಿ ಮಣ್ಣು ಬಣ್ಣದ ಕಬ್ಬಿನ ಹೊರೆಯೊಂದು 30 ಮೀಟರಿಗೆ ಕಂಡರೆ ಅದೇ ಹೆಚ್ಚು. 60ರ ವೇಗದವನಿಗೆ ಅದು ಕಾಣುವ ಹೊತ್ತಿಗೆ ನಿಲ್ಲುವ ಜಾಗ ಮುಗಿದುಹೋಗಿರುತ್ತದೆ. ವಿಜಯಪುರ–ಸಿಂದಗಿ ಹೆದ್ದಾರಿಯಲ್ಲಿ ರಾತ್ರಿ ಓಡಾಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬೆಳಕು ಸಾಲದೆಂದು ಎಷ್ಟೋ ಜನ ತರುಣರು ಪೇಟೆಗೆ ಹೋಗಿ ಎರಡು ಹೆಚ್ಚಿನ ದೀಪ ತಂದು, ಹ್ಯಾಂಡಲ್ಲಿಗೆ ಬಿಗಿದು, ಸಿಕ್ಕ ತಂತಿಗೆ ಜೋಡಿಸಿಬಿಡುತ್ತಾರೆ. ನಮ್ಮ ಅಭಿಪ್ರಾಯ ಹೀಗಿದೆ: ಹಳೆಯ ಗಾಡಿಗಳಲ್ಲಿ ಬಹುಸಾರೆ ಬೆಳಕು ಕಡಮೆಯಾದದ್ದು ದೀಪದ ತಪ್ಪಿನಿಂದಲ್ಲ, ತಂತಿಯ ತಪ್ಪಿನಿಂದ. ಇದ್ದ ಬೆಳಕನ್ನು ಮೊದಲು ಮರಳಿ ಪಡೆಯಬೇಕು. ಅದು ಸಾಲದಿದ್ದರೆ ಮಾತ್ರ ಹೊಸ ದೀಪ.

ವೋಲ್ಟು, ಆಂಪಿಯರು, ವಾಟು

ಹನಿ ನೀರಾವರಿ ಮಾಡಿದವರಿಗೆ ಇದು ಕಠಿಣವಲ್ಲ. ಪೈಪಿನಲ್ಲಿ ನೀರಿನ ಒತ್ತಡ ಹೇಗೋ ತಂತಿಯಲ್ಲಿ ವೋಲ್ಟು ಹಾಗೆ. ಹರಿಯುವ ನೀರಿನ ಪ್ರಮಾಣ ಹೇಗೋ ಆಂಪಿಯರು ಹಾಗೆ. ಎರಡನ್ನೂ ಗುಣಿಸಿದರೆ ವಾಟು ಬರುತ್ತದೆ. ನಮ್ಮ 100 ಸಿಸಿ ಗಾಡಿಗಳಲ್ಲಿ ಬಹಳ ಕಾಲ ಬಳಕೆಯಲ್ಲಿರುವ ಬಲ್ಬು 12 ವೋಲ್ಟಿನ 35 ವಾಟಿನದು. 35ನ್ನು 12ರಿಂದ ಭಾಗಿಸಿದರೆ ಸುಮಾರು 3 ಆಂಪಿಯರು. ಅಷ್ಟು ಪ್ರವಾಹ ತಂತಿಯಲ್ಲಿ ಹೋಗಿ, ಬಲ್ಬನ್ನು ಉರಿಸಿ, ಅರ್ಥ್ ತಂತಿಯ ಮೂಲಕ ಮರಳಿ ಬರಬೇಕು. ಮರಳುವ ದಾರಿಯನ್ನು ಜನ ಮರೆಯುತ್ತಾರೆ. ಹೋಗುವ ಪೈಪು ಎಷ್ಟು ಚೆನ್ನಾಗಿದ್ದರೇನು, ಮುಂದೆ ಕಸ ಕಟ್ಟಿದ್ದರೆ ನೀರು ಹರಿಯದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರ ವರೆಗೆ ಗಾಡಿಗಳು ತಯಾರಾಗುತ್ತಿದ್ದವು. ಹಳೆಯ ಜಾವಾ ಇಟ್ಟುಕೊಂಡವರು ಇಂದಿಗೂ ಅದರ ದೀಪ ಮಂದವೆಂದು ಹೇಳುತ್ತಾರೆ. ಕಾರಣ, ಅದು 6 ವೋಲ್ಟಿನ ಗಾಡಿ. ಅಷ್ಟೇ ವಾಟು ಪಡೆಯಲು 6 ವೋಲ್ಟಿನಲ್ಲಿ ಎರಡು ಪಟ್ಟು ಆಂಪಿಯರು ಹರಿಯಬೇಕು. ಎರಡು ಪಟ್ಟು ಹರಿದರೆ ಅದೇ ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ನಾಲ್ಕು ಪಟ್ಟು. ಮುಂದೆ ಗಾಡಿಗಳೆಲ್ಲ 12 ವೋಲ್ಟಿಗೆ ಬಂದುದರಿಂದ ದೊಡ್ಡ ಅನುಕೂಲವಾಯಿತು. ಆದರೂ ನಷ್ಟ ಪೂರ್ತಿ ಹೋಗಲಿಲ್ಲ.

ಈ ನಷ್ಟ ಎಷ್ಟು ತುಟ್ಟಿಯದೆಂದು ತಿಳಿಯಿರಿ. ತಂತುವಿರುವ ಬಲ್ಬಿನಲ್ಲಿ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಕಡಮೆಯಾದರೆ ಬೆಳಕು ಹತ್ತರಲ್ಲಿ ಮೂರು ಪಾಲು ಕಡಮೆಯಾಗುತ್ತದೆ. ಅಂದರೆ 12 ವೋಲ್ಟು ಸಿಗಬೇಕಾದ ಬಲ್ಬಿಗೆ 10.8 ಸಿಕ್ಕರೆ, ತುಕ್ಕು ಹಿಡಿದ ಒಂದು ಜೋಡಣೆಯೇ ನಿಮ್ಮ ಬೆಳಕಿನ ಮೂರನೆಯ ಒಂದಂಶದಷ್ಟನ್ನು ನುಂಗಿದಂತಾಯಿತು.

ಇದ್ದ ಬೆಳಕನ್ನು ಮರಳಿ ಪಡೆಯುವುದು

ಮೊದಲು ಅರ್ಥ್ ತಂತಿಯನ್ನು ಪರೀಕ್ಷಿಸಿರಿ. ಇದಕ್ಕೆ ಮೀಟರು ಸಹ ಬೇಡ. ಎರಡೂ ತುದಿ ಸುಲಿದ ಒಂದು ಮೊಳ ತಾಮ್ರದ ತಂತಿ ಸಾಕು. ದೀಪದ ಡಬ್ಬಿ ಬಿಚ್ಚಿ, ಇಂಜಿನ್ ಸುರು ಮಾಡಿ, ದೀಪ ಹಚ್ಚಿರಿ. ಬಲ್ಬಿನ ಅರ್ಥ್ ತಂತಿಯ ಕೊಂಡಿಗೆ ಈ ತಂತಿಯ ಒಂದು ತುದಿಯನ್ನು ಹಚ್ಚಿ, ಇನ್ನೊಂದನ್ನು ಚಾಸಿಯ ಬಣ್ಣವಿಲ್ಲದ ಬೋಲ್ಟಿಗೆ ಮುಟ್ಟಿಸಿರಿ. ಕೂಡಲೆ ಬೆಳಕು ಏರಿದರೆ ದೋಷ ಅರ್ಥ್‌ನಲ್ಲಿದೆ ಎಂದು ಖಾತ್ರಿ. ಹೀರೋ, ಹೋಂಡಾ ಗಾಡಿಗಳಲ್ಲಿ ಅರ್ಥ್ ತಂತಿಯ ಬಣ್ಣ ಹಸಿರು, ಮೇಲ್ದೀಪದ್ದು ನೀಲಿ, ಕೆಳದೀಪದ್ದು ಬಿಳಿ. ಬೇರೆ ಕಂಪನಿಗಳದು ಬೇರೆ ಇರುತ್ತದೆ. ಗಾಡಿಯ ಪುಸ್ತಕ ನೋಡಿಯೇ ಕೈ ಹಾಕಬೇಕು. ಹಸಿರನ್ನು ಬಿಟ್ಟು ನೀಲಿಯನ್ನೋ ಬಿಳಿಯನ್ನೋ ಚಾಸಿಗೆ ಮುಟ್ಟಿಸಿದರೆ ಕಿಡಿ ಹಾರುತ್ತದೆ.

ಆ ಬೋಲ್ಟನ್ನು ಬಿಚ್ಚಿ, ಉಸುಕು ಕಾಗದದಿಂದ ಬೆಳ್ಳಗಾಗುವಂತೆ ತಿಕ್ಕಿ, ಬಿಗಿಯಾಗಿ ಕೂಡಿಸಿ, ಮೇಲೆ ತೆಳುವಾಗಿ ಗ್ರೀಸು ಹಚ್ಚಿರಿ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಅದರ ಧೂಳು ಹಿಟ್ಟಿನಂತೆ ಎಲ್ಲ ಸಂದಿಗಳಲ್ಲಿ ಸೇರುತ್ತದೆ. ಮಳೆ ಬಿದ್ದಾಗ ಅದೇ ಹಸಿಯನ್ನು ಹಿಡಿದಿಟ್ಟು ತುಕ್ಕಿಗೆ ದಾರಿ ಮಾಡುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ, ದೀಪಾವಳಿಯ ಸುಮಾರಿಗೆ ಕಬ್ಬಿನ ಗಾಡಿಗಳು ರಸ್ತೆಗಿಳಿಯುವ ಮುನ್ನ, ಈ ಕೆಲಸವನ್ನು ಮಾಡತಕ್ಕದ್ದು. ಹ್ಯಾಂಡಲ್ಲಿನ ಮೇಲ್ದೀಪ-ಕೆಳದೀಪದ ಸ್ವಿಚ್ಚು, ಬಲ್ಬಿನ ಹಿಂದಿನ ಹೋಲ್ಡರು, ಇವುಗಳ ಕೊಂಡಿಗಳನ್ನೂ ಹೀಗೆಯೇ ಶುಚಿ ಮಾಡಿರಿ. ಹೋಲ್ಡರಿನ ಪ್ಲಾಸ್ಟಿಕ್ಕು ಕಂದಿ ಹೋಗಿದ್ದರೆ ಅಲ್ಲಿ ಜೋಡಣೆ ಸಡಿಲಾಗಿ ಕಾಯುತ್ತಿದೆಯೆಂದು ಅರ್ಥ. ಅದನ್ನು ಬದಲಿಸುವುದೇ ಒಳ್ಳೇದು.

ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಕಾದು, ಆ ಜಾಗದಲ್ಲಿ ಗಾಜು ಕೆಟ್ಟು, ಬಲ್ಬು ಬೇಗ ಹೋಗುತ್ತದೆ. ಒಳಗಿನ ಬೆಳ್ಳಿ ಬಟ್ಟಲನ್ನು ಅರಿವೆಯಿಂದ ಒರೆಸಲೇಬೇಡಿರಿ. ಧೂಳಿನ ಸಂಗಡ ಹೊಳಪೂ ಹೋಗಿಬಿಡುತ್ತದೆ. ಬಟ್ಟಲು ಕಪ್ಪಾಗಿದ್ದರೆ ಎಷ್ಟು ದೊಡ್ಡ ಬಲ್ಬು ಹಾಕಿದರೂ ಪ್ರಯೋಜನವಿಲ್ಲ.

ಇನ್ನು ದೀಪದ ನೋಟ. ಸಮನಾದ ನೆಲದ ಮೇಲೆ ಗೋಡೆಯಿಂದ 5 ಮೀಟರ್ ದೂರ ಗಾಡಿಯನ್ನು ನಿಲ್ಲಿಸಿ, ದೀಪದ ನಡುಮಧ್ಯ ನೆಲದಿಂದ ಎಷ್ಟು ಎತ್ತರವಿದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆಯಿರಿ. ಕೆಳದೀಪದ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ ಬರಬೇಕು. ಇದನ್ನು ಖಾಲಿ ಗಾಡಿಯಲ್ಲಿ ಹೊಂದಿಸಬಾರದು. ದಿನವೂ ಎಷ್ಟು ಭಾರ ಹೊರುವಿರೋ ಅಷ್ಟನ್ನೇ ಹಿಂದೆ ಇಟ್ಟು, ಸವಾರನು ಮೇಲೆ ಕುಳಿತು ಹೊಂದಿಸಬೇಕು. ಹಿಂದೆ ಎರಡು ಹಾಲಿನ ಕ್ಯಾನು ಕಟ್ಟಿದ ಗಾಡಿಯ ಮೂತಿ ಮೇಲೆದ್ದು, ಬೆಳಕು ರಸ್ತೆಯನ್ನು ಬಿಟ್ಟು ಬೇವಿನ ಮರದ ಟೊಂಗೆಯ ಮೇಲೆ ಬೀಳುವುದನ್ನು ನೀವೆಲ್ಲ ಕಂಡಿದ್ದೀರಿ.

ಫ್ಯೂಜಿನ ಕೆಲಸ

ಫ್ಯೂಜು ದೀಪವನ್ನು ಕಾಯುವುದೆಂದು ಹಲವರ ತಿಳುವಳಿಕೆ. ಹಾಗಲ್ಲ. ಅದು ಕಾಯುವುದು ತಂತಿಯನ್ನು. ತಂತಿಯ ಸಿಪ್ಪೆ ಸವೆದು ಚಾಸಿಗೆ ತಗುಲಿದರೆ, ಬ್ಯಾಟರಿಯಿಂದ ಹತ್ತಾರು ಆಂಪಿಯರು ಒಮ್ಮೆಲೆ ನುಗ್ಗುತ್ತದೆ. ಆಗ ಎಲ್ಲಕ್ಕಿಂತ ಮೊದಲು ಕರಗಬೇಕಾದದ್ದು ಫ್ಯೂಜು. ಅದರ ಜಾಗದಲ್ಲಿ ಬೀಡಿ ಕಟ್ಟಿನ ಬೇಗಡೆಯನ್ನೋ, ತಾಮ್ರದ ಎಳೆಯನ್ನೋ ಸುತ್ತಿದ್ದರೆ ಅದು ಕರಗುವುದಿಲ್ಲ. ತಂತಿ ಕೆಂಪಾಗುತ್ತದೆ, ಸಿಪ್ಪೆ ಹೊತ್ತುತ್ತದೆ. ತಂತಿ ಹಾದುಹೋಗುವುದೋ ಪೆಟ್ರೋಲ್ ಟಾಕಿಯ ಅಡಿಯಲ್ಲಿಯೇ. ನಾವು ಗಾಡಿ ನಿಲ್ಲಿಸುವ ಜಾಗವನ್ನೂ ನೆನೆಯಿರಿ. ದನದ ಕೊಟ್ಟಿಗೆಯ ಮಗ್ಗುಲಿಗೆ, ಕಣಕಿಯ ಬಣವೆಯ ನೆರಳಿಗೆ. ಬ್ಯಾಟರಿಗೆ ನೇರವಾಗಿ ಜೋಡಿಸಿದ ತಂತಿ ಕೀಲಿ ತೆಗೆದ ಮೇಲೂ ಜೀವಂತವಿರುತ್ತದೆ. ರಾತ್ರಿ ಇಲಿ ಬಂದು ಅದನ್ನು ಕಡಿದರೆ ಸಾಕು.

ಎಷ್ಟು ಆಂಪಿಯರಿನ ಫ್ಯೂಜು ಎಂಬುದು ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಫ್ಯೂಜಿನ ಮೇಲೆಯೂ ಬರೆದಿರುತ್ತದೆ. ಅಕ್ಷರ ಅಳಿಸಿದ್ದರೂ ಚಪ್ಪಟೆ ಫ್ಯೂಜುಗಳನ್ನು ಬಣ್ಣದಿಂದ ಗುರುತಿಸಬಹುದು: ತಿಳಿ ಕಂದು 5, ಕಡು ಕಂದು ಏಳೂವರೆ, ಕೆಂಪು 10, ನೀಲಿ 15, ಹಳದಿ 20. 10ರ ಜಾಗಕ್ಕೆ 20 ಹಾಕುವುದು ಬೇಗಡೆ ಸುತ್ತುವುದಕ್ಕಿಂತ ಸ್ವಲ್ಪವೇ ಮೇಲು.

ಒಂದು ವಿಷಯ ಲಕ್ಷ್ಯದಲ್ಲಿರಲಿ. ಹಳೆಯ 100 ಸಿಸಿ ಗಾಡಿಗಳಲ್ಲಿ ಬಹುತೇಕ ಮುಂದೀಪಕ್ಕೆ ಪ್ರವಾಹ ಬರುವುದು ಬ್ಯಾಟರಿಯಿಂದಲ್ಲ, ಇಂಜಿನ್ನಿನ ಮ್ಯಾಗ್ನೆಟ್ ಸುರುಳಿಯಿಂದ ನೇರವಾಗಿ. ಇಂಜಿನ್ ನಿಂತರೆ ದೀಪ ಆರುತ್ತದೆ, ರೇಸು ಕೊಟ್ಟರೆ ಏರುತ್ತದೆ. ಅದು ಮನೆಯ ಕರೆಂಟಿನಂತೆ ಹಿಂದೆ ಮುಂದೆ ತಿರುಗುವ ಎ.ಸಿ. ಪ್ರವಾಹ. ಇಂಥ ಗಾಡಿಯಲ್ಲಿ ಫ್ಯೂಜು ಹೋದರೆ ಹಾರ್ನು, ಇಂಡಿಕೇಟರು, ಬ್ರೇಕಿನ ದೀಪ ನಿಲ್ಲುತ್ತವೆ. ಮುಂದೀಪ ಉರಿಯುತ್ತಲೇ ಇರುತ್ತದೆ. ಹಾರ್ನು ಕೂಗುತ್ತಿದ್ದು ಮುಂದೀಪ ಮಾತ್ರ ಇಲ್ಲವಾದರೆ ಫ್ಯೂಜನ್ನು ಹುಡುಕಿ ಹೊತ್ತು ಕಳೆಯಬೇಡಿರಿ. ಬಲ್ಬು, ಸ್ವಿಚ್ಚು, ತಂತಿಗಳನ್ನು ನೋಡಿರಿ. 2017ರ ಏಪ್ರಿಲ್ 1ರಿಂದ ಹೊಸ ಗಾಡಿಗಳಲ್ಲಿ ಹಗಲಿನಲ್ಲಿಯೂ ಮುಂದೀಪ ಉರಿಯುವ ನಿಯಮ ಬಂದಿದೆ. 2020ರಲ್ಲಿ ಭಾರತ್ ಸ್ಟೇಜ್ 6 ನಿಯಮ ಜಾರಿಯಾದ ಮೇಲಿನ ಗಾಡಿಗಳಲ್ಲಿ ಸಾಮಾನ್ಯವಾಗಿ ದೀಪವೂ ಬ್ಯಾಟರಿಯ ಡಿ.ಸಿ. ಪ್ರವಾಹದ ಮೇಲಿದ್ದು, ಇಂಜಿನ್ನನ್ನು ನಡೆಸುವ ಗಣಕದ ಪೆಟ್ಟಿಗೆಯೂ ಅದೇ ತಂತಿಗಳ ಬಳಗದಲ್ಲಿದೆ. ಇವುಗಳ ತಂತಿಯನ್ನು ಕೊಯ್ದು ಜೋಡಿಸುವ ಕೆಲಸ ಊರಿನ ಅಂಗಡಿಯದಲ್ಲ.

ಫ್ಯೂಜು ಮೇಲಿಂದ ಮೇಲೆ ಹೋಗುತ್ತಿದ್ದರೆ ತಂತಿ ತಗುಲಿದ ಜಾಗವನ್ನು ಕಂಡುಹಿಡಿಯುವ ಸುಲಭ ಯುಕ್ತಿಯೊಂದಿದೆ. ಸುಟ್ಟ ಫ್ಯೂಜನ್ನು ತೆಗೆದು, ಅದರ ಎರಡು ಕೊಂಡಿಗಳ ನಡುವೆ ಬ್ರೇಕ್ ದೀಪದ 21 ವಾಟಿನ ಬಲ್ಬೊಂದನ್ನು ತಂತಿಯಿಂದ ಜೋಡಿಸಿರಿ. ಕೀಲಿ ತಿರುಗಿಸಿದಾಗ ಬಲ್ಬು ಪೂರ್ಣ ಪ್ರಕಾಶದಿಂದ ಉರಿದರೆ ಎಲ್ಲಿಯೋ ತಂತಿ ಚಾಸಿಗೆ ತಗುಲಿದೆ. ಬಲ್ಬೇ ತಡೆಯಾಗಿರುವುದರಿಂದ ಏನೂ ಸುಡದು. ಈಗ ಹ್ಯಾಂಡಲ್ಲನ್ನು ಎಡಕ್ಕೆ ಬಲಕ್ಕೆ ತಿರುಗಿಸಿರಿ, ಸೀಟಿನ ಕೆಳಗಿನ ಮತ್ತು ಟಾಕಿಯ ಅಡಿಯ ತಂತಿಗಳನ್ನು ಒಂದೊಂದಾಗಿ ಅಲುಗಾಡಿಸಿರಿ. ಎಲ್ಲಿ ಕೈ ಹಾಕಿದಾಗ ಬಲ್ಬು ಆರುವುದೋ ದೋಷ ಅಲ್ಲಿದೆ. ಹ್ಯಾಂಡಲ್ಲಿನ ಕತ್ತಿನಲ್ಲಿ ದಿನಕ್ಕೆ ನೂರು ಸಲ ತಂತಿ ಮಣಿಯುವುದರಿಂದ ಮೊದಲು ಅಲ್ಲಿಯೇ ನೋಡಬೇಕು.

ಹೆಚ್ಚಿನ ದೀಪ ಬೇಕೇ ಬೇಕೆಂದಾಗ

ಕೆಲವರು ಮಾಡುವ ಮೊದಲನೆಯ ಕೆಲಸವೆಂದರೆ 35 ವಾಟಿನ ಬಲ್ಬನ್ನು ತೆಗೆದು 100 ವಾಟಿನದನ್ನು ತುರುಕುವುದು. ಅದು 8 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ತಂತಿ, ಸ್ವಿಚ್ಚು, ಹೋಲ್ಡರು ಮೂರೂ 3 ಆಂಪಿಯರಿಗಾಗಿ ಮಾಡಿದವು, ಬಟ್ಟಲು ಪ್ಲಾಸ್ಟಿಕ್ಕಿನದು. ಇದು ಸರ್ವಥಾ ಬೇಡ. ಬಲ್ಬಿನ ಜಾಗದಲ್ಲಿ ಎಲ್.ಇ.ಡಿ. ಕೂಡಿಸುವುದೂ ಅಷ್ಟೇನು ಲಾಭದ್ದಲ್ಲ. ಬಟ್ಟಲಿನ ಆಕಾರವನ್ನು ತಂತು ಇರುವ ಬಿಂದುವಿಗಾಗಿ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್.ಇ.ಡಿ.ಯ ಬೆಳಕು ಬೇರೆ ಬಿಂದುವಿನಿಂದ ಹೊರಡುವುದರಿಂದ ರಸ್ತೆಯ ಮೇಲೆ ಬೀಳದೆ ಎದುರಿನವನ ಕಣ್ಣಿಗೆ ಚದರುತ್ತದೆ. ಎ.ಸಿ. ಗಾಡಿಯಲ್ಲಾದರೆ ಮಿಣಮಿಣ ಎನ್ನುವುದೂ ಉಂಟು.

ಆದ್ದರಿಂದ ಪ್ರತ್ಯೇಕ ಸಣ್ಣ ಎಲ್.ಇ.ಡಿ. ದೀಪಗಳೇ ಮೇಲು. ಹತ್ತು ಹತ್ತು ವಾಟಿನ ಎರಡು ಸಾಕು. ಎರಡೂ ಕೂಡಿ 2 ಆಂಪಿಯರನ್ನು ಸಹ ಎಳೆಯುವುದಿಲ್ಲ. ಡಬ್ಬಿಯ ಮೇಲೆ ಬರೆದ ದೊಡ್ಡ ದೊಡ್ಡ ವಾಟುಗಳನ್ನು ನಂಬದೆ, ಅಂಗಡಿಯಲ್ಲಿಯೇ ಮೀಟರು ಹಚ್ಚಿ ಆಂಪಿಯರು ನೋಡಿ ಕೊಳ್ಳಿರಿ.

ಇವುಗಳನ್ನು ಜೋಡಿಸಲು ರಿಲೇ ಎಂಬ ಪೆಟ್ಟಿಗೆ ಬೇಕು. ನಿಮ್ಮ ಬೋರಿನ ಸ್ಟಾರ್ಟರ್ ಡಬ್ಬಿಯನ್ನು ನೆನೆಸಿಕೊಳ್ಳಿರಿ. ಹಸಿರು ಗುಂಡಿಯ ಮೂಲಕ ಮೋಟಾರಿನ ಕರೆಂಟು ಹಾಯುವುದಿಲ್ಲ. ಗುಂಡಿ ಒಳಗಿನ ಸುರುಳಿಯನ್ನು ಎಚ್ಚರಿಸುತ್ತದೆ, ಸುರುಳಿ ದೊಡ್ಡ ಕಾಂಟ್ಯಾಕ್ಟುಗಳನ್ನು ಎಳೆದು ಕೂಡಿಸುತ್ತದೆ. ರಿಲೇ ಎಂದರೆ ಅದರದೇ ಮರಿ. ಅದರ ನಾಲ್ಕು ಕಾಲುಗಳ ಮೇಲೆ ಅಂಕೆಗಳಿರುತ್ತವೆ. 30ನೆಯ ಕಾಲಿಗೆ ಬ್ಯಾಟರಿಯ ಧನ ತುದಿಯಿಂದ ಫ್ಯೂಜಿನ ಮೂಲಕ ಬಂದ ತಂತಿ, 87ರಿಂದ ದೀಪಕ್ಕೆ, 86ಕ್ಕೆ ಹೊಸ ಸ್ವಿಚ್ಚಿನಿಂದ ಬಂದ ತಂತಿ, 85 ಅರ್ಥ್‌ಗೆ. ಹೊಸ ಸ್ವಿಚ್ಚಿಗೆ ಪ್ರವಾಹವನ್ನು ಕೀಲಿಯ ನಂತರದ ಬ್ಯಾಟರಿ ತಂತಿಯಿಂದ ಕೊಡಬೇಕು; ಹೀಗಾದರೆ ಕೀಲಿ ತೆಗೆದೊಡನೆ ದೀಪವೂ ಆರುತ್ತದೆ. ಎ.ಸಿ. ಗಾಡಿಯ ಮುಂದೀಪದ ತಂತಿಯಿಂದ ಮಾತ್ರ ಕೊಡಬಾರದು, ರಿಲೇ ಗಿರಗಿರನೆ ಬಡಿದುಕೊಂಡು ಕೆಟ್ಟುಹೋಗುತ್ತದೆ.

ಈ ಹೊಸ ದಾರಿಗೆ ತನ್ನದೇ ಆದ 3 ಆಂಪಿಯರಿನ ಫ್ಯೂಜು ಇರಲಿ. ದೀಪಗಳು 40 ವಾಟಿನವಾಗಿದ್ದರೆ 5ರದು. ಅದು ಬ್ಯಾಟರಿಯಿಂದ ಗೇಣು ಅಂತರದೊಳಗೇ ಇರಬೇಕು, ಏಕೆಂದರೆ ಬ್ಯಾಟರಿಗೂ ಫ್ಯೂಜಿಗೂ ನಡುವಿನ ತಂತಿಯನ್ನು ಕಾಯುವವರು ಯಾರೂ ಇಲ್ಲ. ತಂತಿ 1 ಚದರ ಮಿಲಿಮೀಟರಿನ, ಬಹಳ ಎಳೆಗಳುಳ್ಳ ತಾಮ್ರದ್ದಿರಲಿ. ಮನೆಯಲ್ಲಿ ಉಳಿದ ಒಂಟಿ ಎಳೆಯ ಗಟ್ಟಿ ತಂತಿಯೂ ಅಲ್ಯೂಮಿನಿಯಂ ತಂತಿಯೂ ಗಾಡಿಯ ನಡುಕಕ್ಕೆ ಮುರಿಯುತ್ತವೆ. ಹೆಣೆದು ಟೇಪು ಸುತ್ತಿದ ಜೋಡಣೆ ನಮ್ಮ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕಿಸಿ, ಮೇಲೆ ಕಾಯಿಸಿದರೆ ಬಿಗಿಯುವ ಕೊಳವೆಯನ್ನು ಹಾಕಿಸಿರಿ. ಕೆಲಸಕ್ಕೆ ತೊಡಗುವ ಮೊದಲು ಬ್ಯಾಟರಿಯ ಋಣ ತುದಿಯ ತಂತಿಯನ್ನು ತೆಗೆದಿಡತಕ್ಕದ್ದು.

ಆದಾಯ ನೋಡಿ ಖರ್ಚು ಮಾಡುವಂತೆ ಇಲ್ಲಿಯೂ ಒಂದು ಲೆಕ್ಕ ಇದೆ. ಎಲ್ಲ ದೀಪ ಹಚ್ಚಿ, ಇಂಜಿನ್ನನ್ನು ಸಾಧಾರಣ ವೇಗದಲ್ಲಿ ಓಡಿಸುತ್ತ, ಬ್ಯಾಟರಿಯ ಎರಡು ತುದಿಗೆ ಮೀಟರು ಹಿಡಿಯಿರಿ. ಹದಿಮೂರೂವರೆಯಿಂದ ಹದಿನಾಲ್ಕೂವರೆ ವೋಲ್ಟು ಇದ್ದರೆ ಗಳಿಕೆ ಚೆನ್ನಾಗಿದೆ. 13ಕ್ಕಿಂತ ಕೆಳಗೆ ಇಳಿದರೆ ದೀಪಗಳು ಬ್ಯಾಟರಿಯ ಗಂಟನ್ನು ಕರಗಿಸುತ್ತಿವೆ ಎಂದು ತಿಳಿದು, ಸಣ್ಣ ದೀಪ ಹಾಕಬೇಕು. ಈ ಗಾಡಿಗಳ ಬ್ಯಾಟರಿ ಮೂರು ನಾಲ್ಕು ಆಂಪಿಯರ್-ತಾಸಿನದು. ಇಂಜಿನ್ ನಿಲ್ಲಿಸಿ, ಆ ಬೆಳಕಿನಲ್ಲಿ ಹೊಲಕ್ಕೆ ನೀರು ತಿರುವುತ್ತ ನಿಂತರೆ ಮರಳುವಾಗ ಗುಂಡಿ ಒತ್ತಿ ಗಾಡಿ ಸುರು ಮಾಡುವ ಆಸೆ ಬಿಡಬೇಕಾದೀತು.

ಎದುರಿನವನ ಕಣ್ಣು

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯ ನಿಯಮ ಇದಕ್ಕೆ ಸಂಬಂಧಿಸಿದ್ದು. ಗಾಡಿಯ ಮುಂದೆ 8 ಮೀಟರ್ ದೂರದಲ್ಲಿ, ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ಮನುಷ್ಯನಿಗೆ ಬೆಳಕು ಕುಕ್ಕಬಾರದು. ಅಷ್ಟು ದೂರದಲ್ಲಿ ಮನೆಯವರನ್ನೊಬ್ಬರನ್ನು ನಿಲ್ಲಿಸಿ ಕೇಳಿದರೆ ತಿಳಿಯುತ್ತದೆ. 2024ರ ಜುಲೈಯಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆ ನಡೆಸಿದರು. ದಂಡದ ಮಾತಿರಲಿ, ಕಣ್ಣು ಕತ್ತಲಾದ ಎದುರಿನ ಸವಾರ ನಿಮ್ಮ ಕಡೆಗೇ ಬರುತ್ತಿರುತ್ತಾನೆ. ಹೆಚ್ಚಿನ ದೀಪಗಳನ್ನು ಮುಂದೀಪಕ್ಕಿಂತ ಕೆಳಗೆ ಕೂಡಿಸಿ, ನೆಲದ ಕಡೆಗೆ ಬಾಗಿಸಿ, ಎದುರು ಗಾಡಿ ಕಂಡೊಡನೆ ಆರಿಸಿರಿ.

ಟ್ರೇಲರು ಇದ್ದವರಿಗೂ ಎರಡು ಮಾತು. ಹಿಂದೆ ಚಕ್ಕಡಿಯ ಅಡಿಗೆ ಕಂದೀಲು ತೂಗುಬಿಡುವ ಪದ್ಧತಿ ಇತ್ತು. ಅದರ ಬೆಳಕಿನಲ್ಲಿ ಗಾಡಿ ಹೊಡೆಯುವವನಿಗೆ ದಾರಿ ಕಾಣಲೆಂದಲ್ಲ, ಗಾಡಿಯು ಹಿಂದಿನವನಿಗೆ ಕಾಣಲೆಂದು. ಈಗ ಆ ಕೆಲಸವನ್ನು ಹೊಳೆಯುವ ಪಟ್ಟಿ ಮಾಡುತ್ತದೆ. ಬಂದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಗುಣ ಅದಕ್ಕಿದೆ. ಮೋಟಾರ್ ಸೈಕಲ್ಲಿನ 35 ವಾಟಿನ ಸಾಧಾರಣ ದೀಪಕ್ಕೂ ಅದು 100 ಮೀಟರಿನ ಆಚೆಯಿಂದಲೇ ಹೊಳೆದು ಕಾಣುತ್ತದೆ; ಬರಿಯ ಕಬ್ಬಿನ ಹೊರೆ 30ಕ್ಕೆ ಕಂಡರೆ ಪುಣ್ಯ. ಹಿಂದೆ ಕೆಂಪು, ಬದಿಗಳಿಗೆ ಹಳದಿ, ಮುಂದೆ ಬಿಳಿ. ಹಲಗೆಯ ಮಣ್ಣು ತೊಳೆದು, ಪೂರ್ತಿ ಒಣಗಿದ ಮೇಲೆ ಅಂಟಿಸಿರಿ. ಎರಡು ಟ್ರೇಲರು ಕಟ್ಟುವವರು ಎರಡಕ್ಕೂ ಅಂಟಿಸಬೇಕು. ಜೋತುಬಿದ್ದ ಕಬ್ಬಿನ ತುದಿಗಳು ಮುಚ್ಚದಂತೆ ಪಟ್ಟಿ ಹಲಗೆಯ ಕೆಳಗಿನ ಅಂಚಿಗಿರಲಿ; ಮಣ್ಣಿನ ದಾರಿಯಿಂದ ಡಾಂಬರಿಗೆ ಹತ್ತುವಾಗ ಇಳಿದು ಒಂದು ಸಲ ಅರಿವೆಯಿಂದ ಒರೆಸಿಕೊಳ್ಳಿರಿ.